ಬಂದ್ ಮಾಡಿದ ಪ್ಯಾನಲ್ ಸತ್ತಿದೆಯೇ? ಭೋಸರಿಯ ಗುರುವಾರಗಳಿಗೊಂದು ಮಾರ್ಗದರ್ಶಿ

ಪುಣೆ ಪಕ್ಕದ ಭೋಸರಿ ಎಂಐಡಿಸಿಯಲ್ಲಿ, ಅಂದರೆ ಅಲ್ಲಿನ ಕೈಗಾರಿಕಾ ವಸಾಹತಿನಲ್ಲಿ, ವಾರದ ರಜೆ ಭಾನುವಾರವಲ್ಲ, ಗುರುವಾರ. ಅಂದು ಪ್ರೆಸ್‌ಗಳ ಸದ್ದು ನಿಂತಿರುತ್ತದೆ, ಚಹಾದ ಗಾಡಿಗಳೂ ಅರ್ಧಕ್ಕರ್ಧ ಕಾಣುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಮಾತ್ರ ಅದೇ ದುಡಿಮೆಯ ದಿನ. ‘ಈಗ ಬೇಡ, ಪ್ರೊಡಕ್ಷನ್ ನಿಲ್ಲುತ್ತದೆ’ ಎಂದು ಮಾಲೀಕರು ವಾರವಿಡೀ ಮುಂದೂಡಿದ ಕೆಲಸವೆಲ್ಲ, ಅಂದರೆ ಬಿಸಿಯಾಗುವ ಕೇಬಲ್, ಕರಕಲಾದ ಲಗ್ (ಕೇಬಲ್ ತುದಿಯ ಲೋಹದ ಕೊಂಡಿ), ಹೊಸ ಯಂತ್ರಕ್ಕೆ ಬೇಕಾದ ಫೀಡರ್ (ಕರೆಂಟು ಒಯ್ಯುವ ಪ್ರತ್ಯೇಕ ಲೈನ್), ಆ ಒಂದು ದಿನದ ಮೇಲೆ ಬಂದು ಬೀಳುತ್ತದೆ. ಪುಣೆ ಭಾಗದಲ್ಲಿ ಮಹಾವಿತರಣದವರು, ಅಂದರೆ ಇಲ್ಲಿನ ಸರ್ಕಾರಿ ವಿದ್ಯುತ್ ಕಂಪನಿಯವರು, ದುರಸ್ತಿಗೆಂದು ಲೈನ್ ಬಂದ್ ಮಾಡುವುದೂ ಹೆಚ್ಚಾಗಿ ಗುರುವಾರವೇ. ಹೀಗಾಗಿ ‘ಹೇಗೂ ಕರೆಂಟು ಹೋಗಿದೆ, ಬಾ, ಪ್ಯಾನಲ್ ಬಿಚ್ಚಿಬಿಡೋಣ’ ಎಂಬ ಮಾತು ಅಂದು ಗಲ್ಲಿಗೊಂದರಂತೆ ಕೇಳಿಸುತ್ತದೆ. ಪ್ಯಾನಲ್ ಎಂದರೆ ಕಾರ್ಖಾನೆಯ ಕರೆಂಟನ್ನು ಹಂಚುವ ಸ್ವಿಚ್‌ಗಳ ತಗಡಿನ ಪೆಟ್ಟಿಗೆ. ಆ ಮಾತನ್ನು ತಡೆಯಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಬರೆಯುತ್ತಿರುವುದು ಮುಖ್ಯವಾಗಿ ಇಂಡಿ, ಸಿಂದಗಿ, ಅಫಜಲಪುರ, ಜತ್ತದ ಕಡೆಯಿಂದ ಐಟಿಐ ಮುಗಿಸಿ ಪಿಂಪ್ರಿ, ಭೋಸರಿ, ಚಾಕಣಕ್ಕೆ ಬಂದಿರುವ ಹುಡುಗರಿಗಾಗಿ. ಜೊತೆಗೆ ಹತ್ತು ಹದಿನೈದು ಜನರನ್ನಿಟ್ಟುಕೊಂಡು ಸಣ್ಣ ಶೆಡ್ ನಡೆಸುವ ನಮ್ಮವರಿಗಾಗಿ. ಇಲ್ಲಿನ ಪ್ಯಾನಲ್‌ಗಳ ಮೇಲೆ ತಲೆಬುರುಡೆಯ ಚಿತ್ರದ ಕೆಳಗೆ ಮರಾಠಿಯಲ್ಲಿ ‘ಧೋಕಾ’ ಎಂದು ಬರೆದಿರುತ್ತದೆ. ಮರಾಠಿಯಲ್ಲಿ ಅದರ ಅರ್ಥ ಅಪಾಯ. ನಮ್ಮ ಕಡೆ ಧೋಕಾ ಎಂದರೆ ಮೋಸ. ಹೊಸದಾಗಿ ಬಂದಾಗ ನಾನು ಆ ಹಲಗೆಯನ್ನು ನೋಡಿ ನಕ್ಕಿದ್ದೆ. ಆಮೇಲೆ ನಮ್ಮ ಅರ್ಥವೇ ಹೆಚ್ಚು ಸರಿ ಎನ್ನಿಸಿದ್ದು ಹೀಗೆ.

ಒಂದು ಕಾರ್ಖಾನೆಯಲ್ಲಿ ಮೇನ್ ಸ್ವಿಚ್ ಕೆಳಗೆ ಎಳೆದು, ಬಾಗಿಲು ತೆರೆದು, ಕೆಟ್ಟುಹೋದ ಕೆಂಪು ಇಂಡಿಕೇಟರ್ ದೀಪವನ್ನು ಬದಲಿಸಲು ಕೈ ಹಾಕಿದೆ. ಅದು ಉರಿಯುತ್ತಿರಲಿಲ್ಲ, ಕೆಟ್ಟಿದ್ದೇ ಅದಲ್ಲವೇ. ಆದರೆ ಪ್ಯಾನಲ್ ಕಟ್ಟಿದವರು ಆ ದೀಪದ ತಂತಿಯನ್ನು ಮೇನ್‌ನ ಮೇಲಿನ ಟರ್ಮಿನಲ್‌ನಿಂದ ಎಳೆದಿದ್ದರು. ಮೇನ್ ಬಂದ್ ಆಗಿತ್ತು, ತಂತಿ ಚಾಲೂ ಇತ್ತು. ಕೈ ಹಿಂದಕ್ಕೆ ಹಾರಿ ಬಾಗಿಲಿನ ತಗಡಿಗೆ ಬಡಿದು ಮೂರು ಹೊಲಿಗೆ ಬಿತ್ತು. ಹೊಲಿಗೆಯಲ್ಲಿ ಮುಗಿದದ್ದು ನನ್ನ ಅದೃಷ್ಟ.

ಮುಂದೆ ಬರೆದಿರುವುದೆಲ್ಲ ಆ ದೀಪದ ತಂತಿಯಿಂದ ಕಲಿತದ್ದರ ವಿಸ್ತಾರ. ‘ಬಂದ್’ ಎನ್ನುವುದು ಸ್ವಿಚ್ಚಿನ ಹಿಡಿಕೆ ಹೇಳುವ ಮಾತು. ‘ಸತ್ತಿದೆ’ ಎನ್ನುವುದನ್ನು ನೀವು ಮೀಟರ್ ಹಿಡಿದು ಸಾಬೀತು ಮಾಡಬೇಕು. ಸಾಬೀತಾಗುವವರೆಗೂ ಪ್ಯಾನಲ್ ಚಾಲೂ ಇದೆ ಎಂದೇ ಲೆಕ್ಕ.

ಕಡಿಮೆ ವೋಲ್ಟೇಜ್ ಎಂಬ ಹೆಸರು

415 ವೋಲ್ಟ್ ಕಾಗದದ ಮೇಲೆ ‘ಲೋ ವೋಲ್ಟೇಜ್’. ಒಂದು ಸಾವಿರ ವೋಲ್ಟ್‌ವರೆಗಿನ ಎಸಿ ವ್ಯವಸ್ಥೆಗೆಲ್ಲ ಎಂಜಿನಿಯರುಗಳು ಇಟ್ಟ ಹೆಸರದು. ಲೋ ಎಂಬುದನ್ನು ಕೇಳಿ ಸಲಿಗೆ ಬೆಳೆಸಿಕೊಂಡವರು ಈ ಒಂದು ಲೆಕ್ಕ ಮಾಡಿನೋಡಲಿ. ಒಂದು ಕೈಯಿಂದ ಇನ್ನೊಂದು ಕೈಗೆ ಮನುಷ್ಯನ ದೇಹದ ರೋಧ ಸುಮಾರು ಒಂದು ಸಾವಿರ ಓಮ್. ಬೆವರಿದ್ದರೆ ಇನ್ನೂ ಕಡಿಮೆಯಾದೀತು. 230 ವೋಲ್ಟ್ ತಗುಲಿದರೆ ಎದೆಯ ಮೂಲಕ ಹರಿಯುವುದು 230 ಮಿಲಿಆಂಪಿಯರ್. ಹತ್ತು ಹದಿನೈದು ಮಿಲಿಆಂಪಿಯರ್‌ಗೆಲ್ಲ ಸ್ನಾಯು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. ಐವತ್ತು ನೂರರ ಆಸುಪಾಸಿನಲ್ಲಿ ಹೃದಯದ ಬಡಿತ ತಾಳ ತಪ್ಪಿ ಬರೀ ನಡುಗತೊಡಗಬಹುದು. ಆ ಸರ್ಕ್ಯೂಟಿಗೆ 16 ಆಂಪಿಯರ್‌ನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದೆ ಎಂದುಕೊಳ್ಳಿ. ಅದರ ಕಣ್ಣಿಗೆ 0.23 ಆಂಪಿಯರ್ ಎಂದರೆ ಒಂದು ಸಣ್ಣ ಫ್ಯಾನ್ ಓಡಿದ ಹಾಗೆ. ಮನುಷ್ಯ ಸತ್ತರೂ ಅದು ಟ್ರಿಪ್ ಆಗುವುದಿಲ್ಲ. ಎಂಸಿಬಿ ಇರುವುದು ಕೇಬಲ್ ಸುಡದಿರಲಿ ಎಂದು, ನಿಮಗಾಗಿ ಅಲ್ಲ. ನಿಮಗಾಗಿ ಇರುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಅದೂ ಕರೆಂಟು ಭೂಮಿಗೆ ಸೋರಿದರೆ ಮಾತ್ರ ಎಚ್ಚರಗೊಳ್ಳುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ರಬ್ಬರ್ ಮ್ಯಾಟ್ ಮೇಲೆ ನಿಂತವನನ್ನು ಅದು ಉರಿಯುವ ಬಲ್ಬ್ ಎಂದೇ ತಿಳಿಯುತ್ತದೆ.

ಎರಡನೆಯ ಅಪಾಯ ಶಾಕ್ ಅಲ್ಲ, ಆರ್ಕ್, ಅಂದರೆ ಗಾಳಿಯಲ್ಲೇ ಹಾರುವ ಕರೆಂಟಿನ ಬೆಂಕಿ. 500 ಕೆವಿಎ ಟ್ರಾನ್ಸ್‌ಫಾರ್ಮರ್ 433 ವೋಲ್ಟ್‌ನಲ್ಲಿ ಪೂರ್ಣ ಲೋಡಿಗೆ ಕೊಡುವುದು ಸುಮಾರು 667 ಆಂಪಿಯರ್. ಅದರ ಇಂಪೀಡೆನ್ಸ್ (ಒಳಗಿನ ತಡೆ) 5 ಪ್ರತಿಶತ ಎಂದುಕೊಂಡರೆ, ಬಸ್‌ಬಾರ್ ಮೇಲೆ, ಅಂದರೆ ಪ್ಯಾನಲಿನೊಳಗೆ ಕರೆಂಟು ಹೊರುವ ಲೋಹದ ಪಟ್ಟಿಗಳ ಮೇಲೆ, ನಿಮ್ಮ ಸ್ಪ್ಯಾನರ್ ಅಡ್ಡಬಿದ್ದ ಕ್ಷಣದಲ್ಲಿ ಹರಿಯುವುದು ಇದರ ಇಪ್ಪತ್ತು ಪಟ್ಟು, ಅಂದರೆ ಹದಿಮೂರು ಸಾವಿರ ಆಂಪಿಯರ್‌ಗೂ ಹೆಚ್ಚು. ಅಲ್ಲಿ ಹುಟ್ಟುವ ಆರ್ಕ್‌ನ ಒಡಲಲ್ಲಿ ಶಾಖ ಹತ್ತೊಂಬತ್ತು ಸಾವಿರ ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ತಾಮ್ರ ಕರಗುವುದಷ್ಟೇ ಅಲ್ಲ, ಆವಿಯಾಗಿ ಉಬ್ಬಿ ಸಿಡಿಯುತ್ತದೆ. ತಂತಿಯನ್ನು ಮುಟ್ಟದೆ, ಎರಡಡಿ ದೂರ ನಿಂತವನ ಮುಖವೂ ಬೇಯುತ್ತದೆ. ಶಾಕ್‌ಗೆ ಹೆದರುವ ನಮ್ಮ ಹುಡುಗರು ಆರ್ಕ್‌ಗೆ ಹೆದರುವುದಿಲ್ಲ. ಏಕೆಂದರೆ ಶಾಕ್ ಎಲ್ಲರಿಗೂ ಒಮ್ಮೆಯಾದರೂ ಹೊಡೆದಿರುತ್ತದೆ. ಆರ್ಕ್ ಕಂಡವರು ಮತ್ತೆ ಕೆಲಸಕ್ಕೆ ಬರುವುದೇ ಕಡಿಮೆ.

ಹಿಂದಿನ ದಿನ ಮಾಡಬೇಕಾದದ್ದು

ಬುಧವಾರ ಸಂಜೆಯೇ ಸಿಂಗಲ್ ಲೈನ್ ನಕ್ಷೆಯನ್ನು ಹುಡುಕಿ ತೆಗೆಯಿರಿ. ಇಲ್ಲದಿದ್ದರೆ, ಸಣ್ಣ ಶೆಡ್‌ಗಳಲ್ಲಿ ಇರುವುದೇ ಇಲ್ಲ, ಪ್ಯಾನಲ್ ಮುಂದೆ ನಿಂತು ನೀವೇ ಬರೆಯಿರಿ. ಒಂದು ಹಾಳೆ ಸಾಕು. ಕರೆಂಟು ಎಲ್ಲಿಂದ ಬರುತ್ತದೆ, ಯಾವ ಯಾವ ದಾರಿಯಿಂದ ಬರಬಹುದು, ಎಲ್ಲಿಗೆ ಹೋಗುತ್ತದೆ. ನಡುವಿನ ಪ್ರಶ್ನೆಯೇ ಮುಖ್ಯ. ಮಹಾವಿತರಣದ ಲೈನ್ ಒಂದೇ ದಾರಿ ಎಂದು ಎಲ್ಲರೂ ನಂಬಿರುತ್ತಾರೆ. ಎಣಿಸಲು ಕುಳಿತರೆ ಬೇರೆಯವೂ ಸಿಗುತ್ತವೆ:

ಹೊರಗೆ ಇಟ್ಟ ಡೀಸೆಲ್ ಜನರೇಟರ್. ಅದು ಕರೆಂಟು ಹೋದ ಕೂಡಲೇ ತಾನಾಗಿ ಶುರುವಾಗುವಂಥದ್ದೋ ಅಲ್ಲವೋ ನೋಡಿಕೊಳ್ಳಿ.

ಆಫೀಸಿನ ಯುಪಿಎಸ್ ಅಥವಾ ಇನ್ವರ್ಟರ್. ಒಳಗೆ ಬರುವ ತಂತಿ ಸತ್ತರೂ ಹೊರಗೆ ಹೋಗುವ ತಂತಿ ಸಾಯುವುದಿಲ್ಲ.

ಛಾವಣಿಯ ಸೋಲಾರ್. ಲೈನ್ ಹೋದಾಗ ಇನ್ವರ್ಟರ್ ನಿಲ್ಲುತ್ತದೆ, ನಿಜ. ಆದರೆ ಬಿಸಿಲಿರುವವರೆಗೆ ಛಾವಣಿಯಿಂದ ಇಳಿದ ಡಿಸಿ ಕೇಬಲ್ ಚಾಲೂ.

ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್‌ಗಳು. ಡಿಸ್‌ಚಾರ್ಜ್ ರೆಸಿಸ್ಟರ್ ಸರಿಯಿದ್ದರೆ ಮೂರು ನಿಮಿಷದಲ್ಲಿ 75 ವೋಲ್ಟ್‌ಗೆ ಇಳಿಯಬೇಕು. ರೆಸಿಸ್ಟರ್ ಸುಟ್ಟಿದ್ದರೆ ಎಷ್ಟು ಹೊತ್ತು ಹಿಡಿದಿಟ್ಟುಕೊಂಡಿರುತ್ತದೆಂದು ಹೇಳಲಾಗದು.

ಮೋಟಾರ್‌ಗಳ ವೇಗ ಹೊಂದಿಸುವ ಡ್ರೈವ್. ಅದರೊಳಗಿನ ಡಿಸಿ ಬಸ್ ಸುಮಾರು 590 ವೋಲ್ಟ್ ಇರುತ್ತದೆ. ಕವರ್ ಮೇಲೆ ಎಷ್ಟು ನಿಮಿಷ ಕಾಯಬೇಕೆಂದು ಬರೆದಿರುತ್ತದೆ. ಆ ಅಕ್ಷರ ಅಲಂಕಾರಕ್ಕಲ್ಲ.

ಕೊನೆಯದಾಗಿ ಪಕ್ಕದ ಪ್ಯಾನಲಿನಿಂದ ಬಂದ ಕಂಟ್ರೋಲ್ ಸಪ್ಲೈ. ಮೀಟರ್, ರಿಲೇ, ಪ್ಯಾನಲ್ ಹೀಟರ್‌ಗಳಿಗೆ ಬೇರೆಡೆಯಿಂದ ತಂತಿ ತಂದಿರುವುದು ಹಳೆಯ ಕಾರ್ಖಾನೆಗಳಲ್ಲಿ ಸಾಮಾನ್ಯ. ನನ್ನ ಕೈಗೆ ಹೊಲಿಗೆ ಹಾಕಿಸಿದ್ದು ಇದರ ಅಣ್ಣತಮ್ಮಂದಿರಲ್ಲೊಂದು.

ಜನರೇಟರಿನ ವಿಷಯದಲ್ಲಿ ಇನ್ನೊಂದು ಮಾತು. ಸರಿಯಾದ ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಒಂದನ್ನು ಮಾತ್ರ ಕೂಡಿಸುವ ಸ್ವಿಚ್) ಇಲ್ಲದೆ ಜನರೇಟರಿನ ಕೇಬಲನ್ನು ನೇರವಾಗಿ ಬಸ್‌ಬಾರ್‌ಗೆ ಕಟ್ಟಿ, ‘ಮೇನ್ ಬಂದ್ ಮಾಡಿ ಚಾಲೂ ಮಾಡಿದರಾಯಿತು’ ಎನ್ನುವವರನ್ನು ನೋಡಿದ್ದೇನೆ. ಒಂದು ದಿನ ಮೇನ್ ಬಂದ್ ಮಾಡಲು ಮರೆತರೆ ನಿಮ್ಮ 415 ವೋಲ್ಟ್ ಹಿಂದಕ್ಕೆ ಹರಿದು ಬೀದಿಯ ಟ್ರಾನ್ಸ್‌ಫಾರ್ಮರ್ ತಲುಪುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಮುಂದೆ ಹಿಂದೆ ಎಂಬ ಭೇದವಿಲ್ಲ. ಅದು ಉಲ್ಟಾ ದುಡಿದು ಆ ಕಡೆ 22,000 ವೋಲ್ಟ್ ಮಾಡಿಕೊಡುತ್ತದೆ. ಗುರುವಾರ ಆ ಕಂಬದ ಮೇಲೆ ಯಾವನೋ ಲೈನ್‌ಮನ್ ಇರುತ್ತಾನೆ.

ಕೆಲಸ ಯಾರದು, ಯಾವ ಫೀಡರ್, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದನ್ನು ಬರೆದು, ಶಟ್‌ಡೌನ್ ಕೊಡುವವರು ಮತ್ತು ಪಡೆಯುವವರು ಇಬ್ಬರೂ ಸಹಿ ಹಾಕಬೇಕು. ಪರ್ಮಿಟ್ ಎಂದರೆ ಇಷ್ಟೇ. ಇಬ್ಬರೇ ಇರುವ ಶೆಡ್ಡಿನಲ್ಲಿ ಇದೆಲ್ಲ ನಾಟಕ ಎನ್ನಿಸಬಹುದು. ಆದರೂ ನೂರು ಪುಟದ ನೋಟ್‌ಬುಕ್ ಒಂದನ್ನು ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ‘ಬಂದ್ ಮಾಡಿದೆಯಾ?’ ‘ಹೂಂ ಅಣ್ಣಾ, ಮಾಡಿದೆ’ ಎಂಬ ಮಾತಿನ ಮೇಲೆ ಯಾರೂ ಪ್ಯಾನಲಿಗೆ ಕೈ ಹಾಕಬಾರದು. ಆ ಹೂಂ ಯಾವ ಪ್ಯಾನಲಿನದು ಎಂದು ಇಬ್ಬರಿಗೂ ಬೇರೆ ಬೇರೆ ಅರ್ಥವಾಗಿರುತ್ತದೆ.

ಮೈಮೇಲೆ ಏನಿರಬೇಕು, ಏನಿರಬಾರದು

ಉಂಗುರ, ಕೈಯ ಕಡಗ, ಲೋಹದ ಪಟ್ಟಿಯ ಗಡಿಯಾರ, ಕೊರಳ ಸರ ಬಾಗಿಲ ಹೊರಗೆ. ಇದರಲ್ಲಿ ರಿಯಾಯಿತಿ ಇಲ್ಲ. ನಮ್ಮ ಕಡೆಯ ಹುಡುಗರಲ್ಲಿ ಲಿಂಗ ಧರಿಸುವವರಿದ್ದಾರೆ, ಬೆಳ್ಳಿಯ ಕರಡಿಗೆ ಎದೆಯ ಮೇಲೆ ತೂಗುತ್ತಿರುತ್ತದೆ. ಬಗ್ಗಿ ಕೆಲಸ ಮಾಡುವಾಗ ಅದು ಅಂಗಿಯಿಂದ ಹೊರಬಂದು ನೇರವಾಗಿ ಬಸ್‌ಬಾರ್ ಕಡೆಗೆ ಇಳಿಯುತ್ತದೆ. ಲಿಂಗ ತೆಗೆದಿಡು ಎಂದು ನಾನು ಹೇಳುವವನಲ್ಲ. ಶಿವದಾರವನ್ನು ಗಿಡ್ಡ ಮಾಡಿಕೊಳ್ಳಿ, ಒಳಬನಿಯನ್ನಿನ ಒಳಗೆ ಬಿಡಿ, ಅಂಗಿಯ ಗುಂಡಿಯನ್ನು ಕೊರಳವರೆಗೆ ಹಾಕಿ.

ಬಟ್ಟೆ ಹತ್ತಿಯದಿರಲಿ, ತುಂಬುತೋಳಿನದಿರಲಿ. ಟೆರಿಲಿನ್, ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಆಸ್ಪತ್ರೆಯಲ್ಲಿ ಅದನ್ನು ಕೀಳುವಾಗಿನ ನೋವು ಸುಟ್ಟದ್ದಕ್ಕಿಂತ ಹೆಚ್ಚು. ಆದರೆ ಸಾದಾ ಹತ್ತಿ ಆರ್ಕ್ ತಡೆಯುವ ಬಟ್ಟೆಯಲ್ಲ, ಕರಗುವುದಿಲ್ಲ ಅಷ್ಟೇ. ದೊಡ್ಡ ಪ್ಯಾನಲಿನ ಬ್ರೇಕರ್ ಹಾಕುವ, ತೆಗೆಯುವ, ಬಾಗಿಲು ತೆರೆದು ಪರೀಕ್ಷೆ ಮಾಡುವ ಕೆಲಸಕ್ಕೆ ಆರ್ಕ್ ರೇಟಿಂಗ್ ಇರುವ ಸೂಟು ಮತ್ತು ಮುಖಕವಚವೇ ಬೇಕು. ಅದರ ಮೇಲೆ ಇಷ್ಟು ಕ್ಯಾಲೊರಿ ಎಂದು ಬರೆದಿರುತ್ತದೆ. ಚದರ ಸೆಂಟಿಮೀಟರಿಗೆ 1.2 ಕ್ಯಾಲೊರಿ ಬಿದ್ದರೆ ಬರಿಯ ಚರ್ಮದಲ್ಲಿ ಬೊಬ್ಬೆ ಏಳುವಷ್ಟು ಸುಡುತ್ತದೆ ಎಂಬುದು ಅದರ ಅಳತೆಗೋಲು.

ಕೈಗವಸಿನಲ್ಲಿ 1000 ವೋಲ್ಟ್‌ವರೆಗಿನದು ಕ್ಲಾಸ್ 0, ಕೆಂಪು ಲೇಬಲ್. 500 ವೋಲ್ಟ್‌ವರೆಗಿನದು ಕ್ಲಾಸ್ 00, ತಿಳಿ ಕಂದು ಲೇಬಲ್. ನಾನು ಕೆಂಪನ್ನೇ ಹೇಳುತ್ತೇನೆ. ಪ್ರತಿ ಸಲ ಹಾಕುವ ಮುನ್ನ ಮಣಿಕಟ್ಟಿನ ಕಡೆಯಿಂದ ಸುತ್ತುತ್ತಾ ಬಂದು ಗಾಳಿಯನ್ನು ಬೆರಳುಗಳಿಗೆ ಒತ್ತಿ, ಕಿವಿಯ ಬಳಿ ಹಿಡಿಯಿರಿ. ಸುಯ್ ಎಂದರೆ ಕಸದ ಬುಟ್ಟಿಗೆ. ಮೇಲೆ ತೆಳು ಚರ್ಮದ ಕೈಗವಸು ಹಾಕದಿದ್ದರೆ ತಗಡಿನ ಅಂಚು ರಬ್ಬರನ್ನು ಒಂದೇ ದಿನದಲ್ಲಿ ಸೀಳುತ್ತದೆ. ಬಳಕೆಯಲ್ಲಿರುವವನ್ನು ಆರು ತಿಂಗಳಿಗೊಮ್ಮೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಬೇಕು. ಅಂಗಡಿಯಲ್ಲಿ ಸಿಗುವ ಪಾತ್ರೆ ತೊಳೆಯುವ ಕೈಗವಸನ್ನು ಎಲೆಕ್ಟ್ರಿಕಲ್ ಕೈಗವಸೆಂದು ತಂದುಕೊಟ್ಟ ಮಾಲೀಕರನ್ನೂ ಕಂಡಿದ್ದೇನೆ. ಬಣ್ಣ ಮಾತ್ರ ಹೊಂದುತ್ತಿತ್ತು.

ಪ್ಯಾನಲ್ ಮುಂದಿನ ಮ್ಯಾಟ್ ಐಎಸ್ 15652 ಗುರುತಿನದಿರಲಿ. ಅದರ ಮೇಲೆ ಎಣ್ಣೆಯ ಡಬ್ಬ ಇಡಬೇಡಿ.

ನಿಲ್ಲುವ ಜಾಗ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ನನಗೆ ತುಂಬ ಇಷ್ಟವಾದದ್ದೊಂದಿದೆ. ಸ್ವಿಚ್‌ಬೋರ್ಡಿನ ಮುಂದೆ ಕನಿಷ್ಠ ಒಂದು ಮೀಟರ್ ಖಾಲಿ ಜಾಗ ಬೇಕು. ಹಿಂಬದಿಯಲ್ಲಿ ತೆರೆದ ಸಂಪರ್ಕಗಳಿದ್ದರೆ ಅಲ್ಲಿನ ಜಾಗ 20 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು, ಇಲ್ಲವೇ 75ಕ್ಕಿಂತ ಹೆಚ್ಚಿರಬೇಕು. ಮೊದಲು ಓದಿದಾಗ ಅಚ್ಚುತಪ್ಪು ಎಂದುಕೊಂಡಿದ್ದೆ. ಯೋಚಿಸಿದರೆ ತರ್ಕ ಹೊಳೆಯುತ್ತದೆ. ಮನುಷ್ಯ ಅಲ್ಲಿ ನುಗ್ಗಲೇಬಾರದು, ನುಗ್ಗಿದರೆ ತಪ್ಪಿಸಿಕೊಂಡು ಬರುವಂತಿರಬೇಕು. ನಡುವಿನ ಅಳತೆ ಎಂದರೆ ಒಳಗೆ ಹೋಗಬಹುದು, ಹೊರಳಲಾಗದು. ಟೇಪ್ ತೆಗೆದುಕೊಂಡು ನಿಮ್ಮ ಪ್ಯಾನಲಿನ ಹಿಂಬದಿ ಅಳೆಯಿರಿ. ಭೋಸರಿಯ ಅರ್ಧ ಶೆಡ್‌ಗಳಲ್ಲಿ ಆ ಸಂದಿನಲ್ಲಿ ರಟ್ಟಿನ ಪೆಟ್ಟಿಗೆ, ಪೊರಕೆ, ಕಳೆದ ವರ್ಷದ ಗಣಪತಿಯ ಮಂಟಪದ ಸಾಮಾನು ಸಿಗುತ್ತವೆ.

ಬಂದ್ ಮಾಡುವ ಕ್ರಮ

ಮೊದಲು ಯಂತ್ರಗಳನ್ನು ಅವುಗಳ ಬಟನ್‌ನಿಂದ ನಿಲ್ಲಿಸಿ, ಆಮೇಲೆ ಔಟ್‌ಗೋಯಿಂಗ್ ಫೀಡರ್‌ಗಳನ್ನು ಒಂದೊಂದಾಗಿ ಇಳಿಸಿ, ಕಡೆಗೆ ಇನ್‌ಕಮರ್, ಅಂದರೆ ಹೊರಗಿನ ಕರೆಂಟು ಒಳಗೆ ಬರುವ ಮೇನ್ ಸ್ವಿಚ್. ಲೋಡ್ ಹೊತ್ತಿರುವಾಗಲೇ ಮೇನ್ ಎಳೆಯುವುದು ಕಾಂಟ್ಯಾಕ್ಟ್‌ಗೂ ಒಳ್ಳೆಯದಲ್ಲ, ನಿಮಗೂ ಒಳ್ಳೆಯದಲ್ಲ. ಹಿಡಿಕೆ ಎಳೆಯುವಾಗ ಪ್ಯಾನಲಿನ ಬಾಗಿಲು ಮುಚ್ಚಿರಲಿ, ನೀವು ಅದರ ಎದುರಲ್ಲಿ ನಿಲ್ಲದೆ ಪಕ್ಕಕ್ಕೆ ನಿಂತು, ಮುಖ ತಿರುಗಿಸಿ, ಒಂದೇ ಕೈಯಿಂದ ಎಳೆಯಿರಿ. ಒಳಗೆ ಸಿಡಿದರೆ ಮೊದಲು ಹಾರುವುದು ಬಾಗಿಲು.

ಎಂಸಿಸಿಬಿಯ (ಎಂಸಿಬಿಯ ದೊಡ್ಡಣ್ಣ) ಹಿಡಿಕೆ ಮೇಲೂ ಅಲ್ಲದೆ ಕೆಳಗೂ ಅಲ್ಲದೆ ನಡುವೆ ನಿಂತಿದ್ದರೆ ಅದು ಟ್ರಿಪ್ ಆಗಿದೆ ಎಂದರ್ಥ. ಅದನ್ನು ಬಂದ್ ಎಂದು ಎಣಿಸಬೇಡಿ, ಪೂರ್ತಿ ಕೆಳಗೆ ಇಳಿಸಿ. ಸ್ಟಾಪ್ ಬಟನ್ ಒತ್ತಿ ಕಾಂಟ್ಯಾಕ್ಟರ್ (ಬಟನ್ ಹೇಳಿದಂತೆ ಕೂಡುವ, ಬಿಡುವ ಸ್ವಿಚ್) ಬಿಟ್ಟರೆ ಅದೂ ಬಂದ್ ಅಲ್ಲ. ಯಾರೋ ಸ್ಟಾರ್ಟ್ ಒತ್ತಿದರೆ, ಯಂತ್ರ ನಡೆಸುವ ಕಂಪ್ಯೂಟರಾದ ಪಿಎಲ್‌ಸಿಗೆ ಏನೋ ಹೊಳೆದರೆ, ಅದು ಮತ್ತೆ ಕೂಡಿಕೊಳ್ಳುತ್ತದೆ. ಎಸಿಬಿ (ಹೊರಗೆಳೆಯಬಹುದಾದ ದೊಡ್ಡ ಬ್ರೇಕರ್) ಇದ್ದರೆ ಹ್ಯಾಂಡಲ್ ಹಾಕಿ ಹೊರಗೆಳೆದು ಐಸೊಲೇಟ್ ಸ್ಥಾನಕ್ಕೆ ತನ್ನಿ. ಸ್ವಿಚ್‌ಫ್ಯೂಸ್ ಇದ್ದರೆ ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ.

ಆಮೇಲೆ ಬೀಗ. ಪ್ರತಿಯೊಬ್ಬ ಕೆಲಸಗಾರನಿಗೆ ತನ್ನದೇ ಬೀಗ, ಒಂದೇ ಕೀಲಿಕೈ, ಅದು ಅವನ ಜೇಬಿನಲ್ಲಿ. ಮೂವರು ಕೆಲಸ ಮಾಡುತ್ತಿದ್ದರೆ ಹಲವು ತೂತಿನ ಕೊಂಡಿ ಹಾಕಿ ಮೂರು ಬೀಗ. ಜೊತೆಗೆ ಹೆಸರು ಮತ್ತು ಮೊಬೈಲ್ ಸಂಖ್ಯೆ ಬರೆದ ಚೀಟಿ. ಚೀಟಿಯನ್ನು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬರೆಸಿ. ಬರೀ ಚೀಟಿ ಸಾಲದು. ಗಾಳಿಗೆ ಹಾರುತ್ತದೆ, ಓದಲು ಬಾರದವರೂ ಇದ್ದಾರೆ, ಓದಿಯೂ ‘ಒಂದು ನಿಮಿಷಕ್ಕೆ ತಾನೇ’ ಎಂದು ಸ್ವಿಚ್ ಏರಿಸುವವರಂತೂ ಇದ್ದೇ ಇದ್ದಾರೆ. ಬೀಗ ಯಾರ ಮಾತನ್ನೂ ಕೇಳುವುದಿಲ್ಲ.

ಮಹಾವಿತರಣದ ಲೈನೇ ಬಂದ್ ಇರುವ ದಿನವೂ ಈ ಕ್ರಮ ಒಂದಿಷ್ಟೂ ಬದಲಾಗುವುದಿಲ್ಲ. ನಿಮ್ಮ ಇನ್‌ಕಮರ್ ಇಳಿಸಿ, ಬೀಗ ಹಾಕಿ. ಸಂಜೆ ಐದಕ್ಕೆ ಬರುವ ಕರೆಂಟು ಮೂರಕ್ಕೇ ಬಂದರೆ ಅದು ತಪ್ಪೇನಲ್ಲ, ಅವರ ಕೆಲಸ ಬೇಗ ಮುಗಿಯಿತು ಅಷ್ಟೇ.

ಸಾಬೀತು

ಬಾಗಿಲು ತೆರೆದ ಮೇಲೆ ಸ್ಪ್ಯಾನರ್‌ಗೆ ಮುಂಚೆ ಮೀಟರ್. ಟೆಸ್ಟರ್ ಸ್ಕ್ರೂಡ್ರೈವರ್ ಬಗ್ಗೆ ನನ್ನ ಅಭಿಪ್ರಾಯ ಕೇಳುವವರಿಗೆ ನೇರವಾಗಿಯೇ ಹೇಳುತ್ತೇನೆ: ಸ್ಕ್ರೂ ತಿರುಗಿಸಲು ಬಳಸಿ. ಅದರ ನಿಯಾನ್ ದೀಪ ಉರಿಯುವುದು ನಿಮ್ಮ ಮೈಯ ಮೂಲಕ ಹರಿಯುವ ಚೂರು ಕರೆಂಟಿನಿಂದ. ದಪ್ಪ ಮ್ಯಾಟ್ ಮೇಲೆ ನಿಂತಿದ್ದರೆ ಮಂಕಾಗಬಹುದು, ಬಿಸಿಲಿನಲ್ಲಿ ಕಣ್ಣಿಗೇ ಕಾಣದೆ ಹೋಗಬಹುದು, ನಿಯಾನ್ ಕೆಟ್ಟಿದ್ದರೂ ಉರಿಯದು. ಈ ಮೂರರಲ್ಲೂ ಅದು ಹೇಳುವುದು ಒಂದೇ: ಕರೆಂಟಿಲ್ಲ.

ಬೇಕಾದದ್ದು ಎರಡು ಮೊನೆಯ ವೋಲ್ಟೇಜ್ ಪರೀಕ್ಷಕ, ಇಲ್ಲವೇ ಒಳ್ಳೆಯ ಮಲ್ಟಿಮೀಟರ್. ಮೀಟರಿನ ಮೇಲೂ ಅದರ ತಂತಿಗಳ ಮೇಲೂ ಕ್ಯಾಟ್ III 600 ವೋಲ್ಟ್ ಅಥವಾ ಅದಕ್ಕೂ ಮೇಲಿನ ಗುರುತಿರಬೇಕು. ಮೀಟರ್ ಎಂಥ ಜಾಗದ ಹೊಡೆತ ತಾಳುತ್ತದೆಂದು ಹೇಳುವ ಗುರುತದು. ಮೇನ್ ಇನ್‌ಕಮರ್ ಬಳಿ ಕ್ಯಾಟ್ IV. ಹಾದಿಬದಿಯ ಅಗ್ಗದ ಹಳದಿ ಮೀಟರ್ ರೇಡಿಯೋ ರಿಪೇರಿಗೆ ಸರಿ. ಇನ್ನು, ನಿನ್ನೆ ಯಾರೋ ಕರೆಂಟು ಅಳೆದು ಕೆಂಪು ತಂತಿಯನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟಿದ್ದರೆ, ಇಂದು ನೀವು ವೋಲ್ಟ್ ಅಳೆಯಲು ಎರಡು ಫೇಸ್‌ಗೆ ಮೊನೆ ಇಟ್ಟಾಗ ಆ ಮೀಟರ್ ಒಂದು ತುಂಡು ತಂತಿಯಂತೆ ವರ್ತಿಸುತ್ತದೆ. ಕೈಯಲ್ಲೇ ಶಾರ್ಟ್ ಸರ್ಕ್ಯೂಟ್. ಅದರೊಳಗಿನ ಮೂಲ ಫ್ಯೂಸ್ ಸುಟ್ಟಾಗ ಗಾಜಿನ ಫ್ಯೂಸ್ ಹಾಕಿಟ್ಟಿದ್ದರಂತೂ ಮೀಟರ್ ಅಂಗೈಯಲ್ಲಿ ಸಿಡಿಯುತ್ತದೆ. ಆದ್ದರಿಂದ ಮೊದಲು ತಂತಿ ಯಾವ ತೂತಿನಲ್ಲಿದೆ ನೋಡಿ, ಆಮೇಲೆ ಡಯಲ್ ನೋಡಿ.

ಪರೀಕ್ಷೆಗೆ ಮೂರು ಹಂತ. ಚಾಲೂ ಇದೆ ಎಂದು ಖಚಿತವಾಗಿ ಗೊತ್ತಿರುವ ಬೇರೊಂದು ಕಡೆ ಮೀಟರ್ ಇಟ್ಟು ಅದು ತೋರಿಸುತ್ತದೆಯೇ ನೋಡಿ. ನಂತರ ಕೆಲಸದ ಜಾಗದಲ್ಲಿ ಅಳೆಯಿರಿ. ಮತ್ತೆ ಅದೇ ಚಾಲೂ ಜಾಗಕ್ಕೆ ಹೋಗಿ ಮೀಟರ್ ಇನ್ನೂ ಬದುಕಿದೆಯೇ ನೋಡಿ. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ನಡುವಿನ ಅಳತೆಯ ಹೊತ್ತಿನಲ್ಲೇ ಬ್ಯಾಟರಿ ಸತ್ತಿದ್ದರೆ ಸೊನ್ನೆ ಎಂದದ್ದು ಪ್ಯಾನಲಲ್ಲ, ಮೀಟರ್.

ಮೂರು ಫೇಸ್ ಪ್ಯಾನಲಿನಲ್ಲಿ ಅಳತೆಗಳು ಹತ್ತು. ಕೆಂಪು–ಹಳದಿ, ಹಳದಿ–ನೀಲಿ, ನೀಲಿ–ಕೆಂಪು, ಈ ಮೂರು. ಪ್ರತಿ ಫೇಸ್‌ನಿಂದ ನ್ಯೂಟ್ರಲ್‌ಗೆ ಮೂರು. ಪ್ರತಿ ಫೇಸ್‌ನಿಂದ ಅರ್ಥ್‌ಗೆ ಮೂರು. ಹತ್ತನೆಯದು ನ್ಯೂಟ್ರಲ್‌ನಿಂದ ಅರ್ಥ್‌ಗೆ. ‘ನ್ಯೂಟ್ರಲ್‌ನಲ್ಲಿ ಏನಿರುತ್ತದೆ ಬಿಡಿ’ ಎನ್ನುವವರು ಈ ಹತ್ತನೆಯದನ್ನು ಎರಡು ಸಲ ಅಳೆಯಲಿ. ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಇಲ್ಲಿ ಬಂದು ಸೇರಿರುತ್ತದೆ. ಅದನ್ನು ಬಿಚ್ಚಿದ ಕ್ಷಣ ಆ ತುದಿಯಲ್ಲಿ ಪೂರ್ಣ 230 ವೋಲ್ಟ್ ನಿಲ್ಲುತ್ತದೆ.

ಹತ್ತೂ ಸೊನ್ನೆ ಬಂದ ಮೇಲೂ ಇನ್‌ಕಮರ್‌ನ ಮೇಲಿನ ಟರ್ಮಿನಲ್‌ಗಳು ಸತ್ತಿಲ್ಲ ಎಂಬುದು ನೆನಪಿರಲಿ. ನೀವು ಸಾಯಿಸಿದ್ದು ಅದರ ಕೆಳಗಿನದನ್ನು. ಮೇಲಿನ ಭಾಗಕ್ಕೆ ಕವರ್ ಇಲ್ಲದಿದ್ದರೆ ನಿರೋಧಕ ಹಾಳೆ ಕಟ್ಟಿ ಮುಚ್ಚಿ. ಕೆಲಸವೇ ಆ ಟರ್ಮಿನಲ್‌ನಲ್ಲಿದ್ದರೆ ವಿದ್ಯುತ್ ಕಂಪನಿಯಿಂದ ಲಿಖಿತ ಶಟ್‌ಡೌನ್ ಪಡೆಯದೆ ಬೇರೆ ದಾರಿಯಿಲ್ಲ.

ಹಿಂದಿನಿಂದ ಕರೆಂಟು ನುಗ್ಗುವ ಸಣ್ಣ ಅನುಮಾನವಿದ್ದರೂ, ಸತ್ತಿದೆ ಎಂದು ಸಾಬೀತಾದ ಬಸ್‌ಬಾರ್‌ಗಳನ್ನು ಮೂರೂ ಸೇರಿಸಿ ಅರ್ಥ್‌ಗೆ ಕಟ್ಟಿ. ಕ್ಲ್ಯಾಂಪನ್ನು ಮೊದಲು ಅರ್ಥ್ ಪಟ್ಟಿಗೆ, ಆಮೇಲೆ ಬಾರ್‌ಗೆ. ತೆಗೆಯುವಾಗ ಮೊದಲು ಬಾರ್‌ನಿಂದ, ಕೊನೆಗೆ ಅರ್ಥ್‌ನಿಂದ. ಕೆಪಾಸಿಟರ್‌ಗಳನ್ನು ಐದು ನಿಮಿಷ ಬಿಟ್ಟು, ಅಳೆದು, ಅವನ್ನೂ ಶಾರ್ಟ್ ಮಾಡಿ.

ಒಳಗೆ ಕೈ ಹಾಕಿದ ಮೇಲೆ

ಈಗ ಕೆಲಸ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಬರುತ್ತದೆ. ಆದರೆ ಪ್ಯಾನಲ್ ತೆರೆದಿರುವ ಅಪರೂಪದ ಹೊತ್ತಿನಲ್ಲಿ ಕಣ್ಣು ಹಾಯಿಸಬೇಕಾದ ಕೆಲವು ಜಾಗಗಳಿವೆ. ಬಣ್ಣ ಕಂದಿದ ಲಗ್ ಎಂದರೆ ಸಡಿಲ ಬೋಲ್ಟ್. ಅಲ್ಯೂಮಿನಿಯಂ ಲಗ್ಗನ್ನು ನೇರವಾಗಿ ತಾಮ್ರದ ಬಾರ್‌ಗೆ ಬಿಗಿದಿದ್ದರೆ ನಡುವೆ ಬೈಮೆಟಲ್ ವಾಷರ್ ಬೇಕು, ಇಲ್ಲದಿದ್ದರೆ ಪುಣೆಯ ಒಂದು ಮಳೆಗಾಲ ಸಾಕು ಅದನ್ನು ತಿಂದುಹಾಕಲು. ಬೋಲ್ಟನ್ನು ತೋಳಬಲದಿಂದಲ್ಲ, ತಯಾರಕರು ಕೊಟ್ಟ ಅಂಕಿಗೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ, ಮೇಲೆ ಬಣ್ಣದ ಗೆರೆ ಎಳೆಯಿರಿ. ಮುಂದಿನ ಗುರುವಾರ ಗೆರೆ ಮುರಿದಿದ್ದರೆ ಬೋಲ್ಟ್ ಜಾರಿದೆ ಎಂದು ದೂರದಿಂದಲೇ ತಿಳಿಯುತ್ತದೆ.

ಗ್ಲ್ಯಾಂಡ್ ಪ್ಲೇಟಿನ, ಅಂದರೆ ಕೇಬಲ್ ಒಳಬರುವ ತಗಡಿನ, ಖಾಲಿ ತೂತುಗಳನ್ನು ಮುಚ್ಚಿ. ಹಲ್ಲಿ, ಇಲಿಗಳಿಗೆ ಬೆಚ್ಚಗಿನ ಪ್ಯಾನಲ್ ಎಂದರೆ ಪ್ರಾಣ. ಎರಡು ಬಾರ್‌ಗಳ ನಡುವೆ ಸೇತುವೆಯಾಗಿ ಸತ್ತ ಹಲ್ಲಿ ಕಾರ್ಖಾನೆಯನ್ನೇ ನಿಲ್ಲಿಸಬಲ್ಲದು. ಕೇಬಲ್ ಮೇಲಿನಿಂದ ಇಳಿದಿದ್ದರೆ ಮಳೆನೀರು ಅದರ ಬೆನ್ನೇರಿ ಒಳಗೆ ಬರುತ್ತದೆ. ಜೂನ್‌ಗೆ ಮೊದಲೇ ನೋಡಿ. ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದು ಕಂಡರೆ, ಪದೇಪದೇ ಟ್ರಿಪ್ ಆಗುತ್ತದೆಂದು ಆರ್‌ಸಿಸಿಬಿಯನ್ನು ತಂತಿ ಹಾಕಿ ದಾಟಿಸಿದ್ದು ಕಂಡರೆ, ನಿಮ್ಮ ಕೆಲಸ ಅದಲ್ಲದಿದ್ದರೂ ನೋಟ್‌ಬುಕ್‌ನಲ್ಲಿ ಬರೆದು ಸಹಿ ಹಾಕಿ. ಆರ್‌ಸಿಸಿಬಿ ಪದೇಪದೇ ಬೀಳುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ.

ಮತ್ತೆ ಚಾಲೂ ಮಾಡುವುದು

ಹೆಚ್ಚಿನ ಅವಸರ ಕಾಣುವುದು ಇಲ್ಲೇ. ಮಾಲೀಕರ ಫೋನ್ ಎರಡು ಸಲ ಬಂದಿರುತ್ತದೆ, ಊರಿನ ಬಸ್ ಹಿಡಿಯಬೇಕಾದವನು ಗಡಿಯಾರ ನೋಡುತ್ತಿರುತ್ತಾನೆ. ಉಪಕರಣಗಳನ್ನು ಎಣಿಸಿ. ಬೆಳಿಗ್ಗೆ ಎಣಿಸಿಟ್ಟಿದ್ದರೆ ತಾನೇ ಸಂಜೆ ಎಣಿಸುವುದು. ಹನ್ನೊಂದಿದ್ದ ಸ್ಪ್ಯಾನರ್ ಹತ್ತಾಗಿದ್ದರೆ ಹನ್ನೊಂದನೆಯದು ಬಾರ್‌ಗಳ ಮೇಲೇ ಮಲಗಿರುತ್ತದೆ. ಅರ್ಥ್ ಕ್ಲ್ಯಾಂಪ್ ತೆಗೆಯಿರಿ. ಡ್ರೈವ್, ಮೀಟರ್, ಕೆಪಾಸಿಟರ್‌ಗಳನ್ನು ಬೇರ್ಪಡಿಸಿ 500 ವೋಲ್ಟ್ ಮೆಗ್ಗರ್‌ನಿಂದ ಫೇಸ್‌ಗಳ ನಡುವೆ ಮತ್ತು ಅರ್ಥ್‌ಗೆ ನಿರೋಧ ಅಳೆಯಿರಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಅಂದು ಚಾಲೂ ಇಲ್ಲ. ಬೇರ್ಪಡಿಸಿದ್ದನ್ನು ಮತ್ತೆ ಜೋಡಿಸಿ, ಕವರ್‌ಗಳನ್ನು ಹಾಕಿ, ಬಾಗಿಲು ಮುಚ್ಚಿ.

ಪ್ರತಿಯೊಬ್ಬನೂ ತನ್ನ ಬೀಗ ತಾನೇ ತೆಗೆಯಬೇಕು. ಒಬ್ಬ ಬೀಗ ಹಾಕಿ ಊಟಕ್ಕೆ ಹೋಗಿದ್ದರೆ ಕಾಯಿರಿ. ಅವನು ಊಟಕ್ಕೇ ಹೋಗಿದ್ದಾನೆ, ಪ್ಯಾನಲಿನ ಹಿಂದೆ ಇಲ್ಲ ಎಂದು ನಿಮಗೆ ಹೇಗೆ ಗೊತ್ತು? ಎಲ್ಲ ಫೀಡರ್‌ಗಳೂ ಕೆಳಗಿರುವಾಗ ಇನ್‌ಕಮರ್ ಏರಿಸಿ, ಒಂದು ನಿಮಿಷ ಸದ್ದು ಕೇಳಿ, ಮೂರು ಫೇಸ್ ವೋಲ್ಟೇಜ್ ನೋಡಿ. ಆಮೇಲೆ ಒಂದೊಂದೇ ಫೀಡರ್. ಬ್ರೇಕರ್ ಬಿದ್ದರೆ ಮತ್ತೆ ಏರಿಸಬೇಡಿ. ಕಾರಣ ಸಿಗದೆ ಎರಡನೆಯ ಸಲ ಏರಿಸುವುದು ಎಂದರೆ ಅದೇ ಶಾರ್ಟ್ ಸರ್ಕ್ಯೂಟನ್ನು ಈ ಸಲ ಬುದ್ಧಿಪೂರ್ವಕವಾಗಿ ಮಾಡಿದಂತೆ. ಅರ್ಧ ಗಂಟೆ ಲೋಡ್ ಓಡಿದ ಮೇಲೆ, ಇನ್‌ಫ್ರಾರೆಡ್ ಹಾಯುವಂಥ ಕಿಟಕಿ ಇದ್ದರೆ (ಸಾದಾ ಗಾಜಿನದಲ್ಲ) ಅದರಿಂದ, ಇನ್‌ಫ್ರಾರೆಡ್ ಮೀಟರ್ ಹಿಡಿದು ಹೊಸ ಜೋಡಣೆಯ ಬಿಸಿ ನೋಡಿ. ಮೂರು ಫೇಸ್‌ನಲ್ಲಿ ಒಂದು ಮಾತ್ರ ಬಿಸಿ ಎಂದರೆ ಬೋಲ್ಟ್ ಕಡೆ ಅನುಮಾನ ಪಡಿ.

ಯಾರಿಗಾದರೂ ಹೊಡೆದರೆ

ಓಡಿಹೋಗಿ ಹಿಡಿಯಬೇಡಿ. ಮೊದಲು ಸ್ವಿಚ್. ಸ್ವಿಚ್ ದೂರವಿದ್ದರೆ ಒಣಗಿದ ಮರದ ಕೋಲು ಅಥವಾ ದಪ್ಪ ಪ್ಲಾಸ್ಟಿಕ್ ಪೈಪಿನಿಂದ ಅವನನ್ನು ತಂತಿಯಿಂದ ದೂಡಿ, ನೀವು ಒಣ ಮ್ಯಾಟ್ ಮೇಲೆ ನಿಂತಿರಿ. 108ಕ್ಕೆ ಫೋನ್ ಮಾಡಲು ಒಬ್ಬನನ್ನು ಬೆರಳು ತೋರಿಸಿ ನೇಮಿಸಿ. ‘ಯಾರಾದರೂ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ. ಪ್ರಜ್ಞೆ ಇಲ್ಲದೆ, ಸರಿಯಾಗಿ ಉಸಿರಾಡದೆ ಬಿದ್ದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಐದಾರು ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೆ, ಇಬ್ಬರು ಸರದಿಯ ಮೇಲೆ. ಮಣ್ಣಿನಲ್ಲಿ ಹೂಳುವುದು, ಬಾಯಿಗೆ ನೀರು ಸುರಿಯುವುದು ಬೇಡವೇ ಬೇಡ.

ಶಾಕ್ ಹೊಡೆದವನು ಎದ್ದು ಕುಳಿತು, ‘ಏನೂ ಆಗಿಲ್ಲ ಮಾಮಾ, ಚಹಾ ಕುಡಿದರೆ ಸರಿಹೋಗುತ್ತದೆ’ ಎಂದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಒಳಗಿನ ಸುಟ್ಟಗಾಯ ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ಬಡಿತದ ಏರುಪೇರು ತಡವಾಗಿಯೂ ತಿಳಿಯಬಹುದು. ಪ್ಯಾನಲಿಗೆ ಬೆಂಕಿ ಹತ್ತಿದ್ದರೆ ನೀರು ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್.

ಮುಚ್ಚಿಹಾಕುವ ಮಾತು ಬಂದೇ ಬರುತ್ತದೆ. ವಿದ್ಯುತ್ ಕಾಯ್ದೆ 2003ರ 161ನೇ ಕಲಮಿನ ಪ್ರಕಾರ ವಿದ್ಯುತ್ ಅಪಘಾತವನ್ನು ವಿದ್ಯುತ್ ನಿರೀಕ್ಷಕರಿಗೆ ತಿಳಿಸಲೇಬೇಕು. ಸಾವಾಗಿದ್ದರೆ ಗೊತ್ತಾದ 24 ಗಂಟೆಯೊಳಗೆ ಸುದ್ದಿ, ಸಾವಾಗಲಿ ಗಾಯವಾಗಲಿ 48 ಗಂಟೆಯೊಳಗೆ ನಮೂನೆಯಲ್ಲಿ ಲಿಖಿತ ವರದಿ. ಅವರು ಬಂದು ನೋಡುವವರೆಗೆ ಆ ಪ್ಯಾನಲಿನ ಒಂದು ತಂತಿಯನ್ನೂ ಸರಿಸಬೇಡಿ. ಬೀಗ ಹಾಗೇ ಇರಲಿ, ನೋಟ್‌ಬುಕ್ ಅದರ ಪಕ್ಕದಲ್ಲಿರಲಿ.